32 ಎಂಬಿ ಗೋಡೆ: ನಮ್ಮ ಕಾಟಾದ ಎರಡು ಟಚ್ ಡಬ್ಬಿಗಳ ಬಗ್ಗೆ

ಮಹಾಲಿಂಗಪುರದ ಹತ್ತಿರ ನಮ್ಮ ಮನೆಯವರದ್ದು ಒಂದು ಖಾಸಗಿ ಕಾಟಾ ಇದೆ. ಕಬ್ಬಿನ ಟ್ರ್ಯಾಕ್ಟರ್, ಬೆಲ್ಲದ ಲಾರಿ, ಗೋವಿನಜೋಳದ ಟೆಂಪೋ, ಎಲ್ಲಾ ಬಂದು ತೂಗಿಸಿಕೊಂಡು ಹೋಗುತ್ತವೆ. ಕಾಟಾ ನೋಡಿಕೊಳ್ಳುವುದು ಅಣ್ಣ. ನಾನು ಬೆಳಗಾವಿಯಲ್ಲಿ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಶನಿವಾರ ರಾತ್ರಿ ಊರಿಗೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ಕಾಟಾದ ಮೇಲೆ ತೂಕ ಓದಿ ಚೀಟಿ ಹೊಡೆಯುವ ಟಚ್ ಸ್ಕ್ರೀನ್ ಡಬ್ಬಿ ಇರುತ್ತದಲ್ಲ, ಈ ಬರಹ ಅದರ ಬಗ್ಗೆ. ಎರಡು ಹಂಗಾಮಿನಲ್ಲಿ ಎರಡು ಡಬ್ಬಿ ಬಳಸಿದ್ದೇವೆ. ಎರಡೂ ಸೆಕೆಂಡ್ ಹ್ಯಾಂಡ್. ಎರಡರಲ್ಲೂ ಓಡುವುದು ವಿಂಡೋಸ್ ಸಿಇ, ಅಂದರೆ ಇಂಥ ಸಣ್ಣ ಯಂತ್ರಗಳಿಗೆ ಅಂತ ಮೈಕ್ರೋಸಾಫ್ಟ್ ಮಾಡಿದ ಆಪರೇಟಿಂಗ್ ಸಿಸ್ಟಮ್. ಮೊದಲನೆಯದರಲ್ಲಿ ಸಿಇ 5.0, ಎರಡನೆಯದರಲ್ಲಿ ಸಿಇ 6.0. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗಿವೆ. ಒಳಗೆ ಮೆಮೊರಿ ಹಂಚುವ ರೀತಿ ಮಾತ್ರ ಪೂರ್ತಿ ಬೇರೆ, ಆ ವ್ಯತ್ಯಾಸ ಗೊತ್ತಿಲ್ಲದೆ ನಾವು ಒಂದು ಇಡೀ ಹಂಗಾಮು ಒದ್ದಾಡಿದೆವು. ನಮ್ಮ ಕಡೆ ಇನ್ನೂ ಎಷ್ಟೋ ಕಾಟಾಗಳಲ್ಲಿ, ಗಿರಣಿಗಳಲ್ಲಿ ಇಂಥ ಡಬ್ಬಿ ಓಡುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಳೆಯದರ ಕಥೆ. 2021ರ ಬೇಸಿಗೆಯಲ್ಲಿ ಬೆಳಗಾವಿಯ ಒಂದು ಅಂಗಡಿಯಿಂದ ತಂದೆವು, ಫ್ಯಾಕ್ಟರಿಗಳಿಂದ ಬಿಚ್ಚಿದ ಸಾಮಾನು ರಿಪೇರಿ ಮಾಡಿ ಮಾರುವ ಅಂಗಡಿ ಅದು. ಎಆರ್‌ಎಂ ಪ್ರೊಸೆಸರ್, 64 ಎಂಬಿ ರ್ಯಾಮ್, ಎರಡು ಸೀರಿಯಲ್ ಪೋರ್ಟ್, ಒಂದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್. ಡಬ್ಬಿಯ ಗಟ್ಟಿತನದ ಬಗ್ಗೆ ಒಂದು ಮಾತೂ ಎತ್ತುವಂತಿಲ್ಲ. ಧೂಳು, ಬೆಲ್ಲದ ಅಂಟು, ಏಪ್ರಿಲ್‌ನ ಬಿಸಿಲು, ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಕರೆಂಟು, ಎಲ್ಲವನ್ನೂ ತಡೆದಿದೆ. ಫ್ಯಾನ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. ಆನ್ ಮಾಡಿದರೆ ಅರ್ಧ ನಿಮಿಷದೊಳಗೆ ತೂಕದ ಸ್ಕ್ರೀನ್ ಬರುತ್ತದೆ. ತೂಕದ ಸಾಫ್ಟ್‌ವೇರ್ ಬೇರೆ ಊರಿನ ಒಂದು ಕಂಪನಿಯದ್ದು, ಹೆಸರು ಬೇಡ. ನವೆಂಬರ್‌ವರೆಗೆ, ದಿನಕ್ಕೆ ಇಪ್ಪತ್ತು ಮೂವತ್ತು ಗಾಡಿ ಬರುವವರೆಗೆ, ಎಲ್ಲಾ ಚೆನ್ನಾಗಿತ್ತು. ನಡುನಡುವೆ ಕರೆಂಟ್ ಹೋಗಿ ಡಬ್ಬಿ ತಾನೇ ರೀಸ್ಟಾರ್ಟ್ ಆಗುತ್ತಿದ್ದುದರಿಂದ ನಮಗೆ ಏನೂ ಗೊತ್ತಾಗಲಿಲ್ಲ. ಹಂಗಾಮು ಶುರುವಾಯಿತು, ಅಣ್ಣ ಹೊಸ ಯುಪಿಎಸ್ ಹಾಕಿಸಿದ, ಗಾಡಿ ದಿನಕ್ಕೆ ತೊಂಬತ್ತು ನೂರಕ್ಕೆ ಏರಿತು. ಅಲ್ಲಿಂದ ಮೂರು ದಿನಕ್ಕೊಮ್ಮೆ ಡಬ್ಬಿ ನಿಲ್ಲತೊಡಗಿತು.

ಒಂದು ರಾತ್ರಿಯದ್ದು ಚೆನ್ನಾಗಿ ನೆನಪಿದೆ. ಜನವರಿ, ಎರಡು ಗಂಟೆ ಆಗಿರಬೇಕು, ಮೈ ಕೊರೆಯುವ ಚಳಿ. ನಾನು ಕಾಟಾದ ಹಿಂದಿನ ರೂಮಿನಲ್ಲಿ ಮಲಗಿದ್ದೆ. ಅಣ್ಣ ಬಾಗಿಲು ಬಡಿದ. "ತಮ್ಮಾ, ಡಬ್ಬಿ ಮತ್ತ ಗಪ್ ಆತು ನೋಡು." ಹೊರಗೆ ಬಂದರೆ ಏಳು ಟ್ರ್ಯಾಕ್ಟರ್ ಸಾಲಾಗಿ ನಿಂತಿವೆ, ಪ್ರತಿಯೊಂದಕ್ಕೂ ಎರಡೆರಡು ಟ್ರೇಲರ್, ಮೂರನೆಯದರಲ್ಲಿ ಜೋರಾಗಿ ಹಾಡು. ಕಾಟಾದ ಮೇಲೆ ಒಂದು ಗಾಡಿ ನಿಂತಿದೆ. ಗೋಡೆಯ ಮೇಲಿನ ಕೆಂಪು ಅಂಕಿಯ ಬೋರ್ಡ್ 27,480 ಅಂತ ಸರಿಯಾಗಿಯೇ ತೋರಿಸುತ್ತಿದೆ. ಡಬ್ಬಿಯ ಸ್ಕ್ರೀನ್ ಮೇಲೆ ಮಾತ್ರ "ಔಟ್ ಆಫ್ ಮೆಮೊರಿ" ಅನ್ನುವ ಸಣ್ಣ ಕಿಟಕಿ, ಓಕೆ ಒತ್ತಿದರೆ ಮತ್ತೆ ಅದೇ. ಡ್ರೈವರ್ ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು, "ಅಣ್ಣಾರ, ಚೀಟಿ ಕೊಡ್ರೀ, ನಂಬರ್ ಹೋಗ್ತೈತಿ" ಅಂತ ಕೂಗುತ್ತಿದ್ದ. ಅವನ ಮಾತು ಸರಿ. ಫ್ಯಾಕ್ಟರಿ ಯಾರ್ಡ್‌ನಲ್ಲಿ ಒಂದು ಗಂಟೆ ತಡವಾದರೆ ಹತ್ತು ಗಾಡಿ ಹಿಂದೆ ಬೀಳುತ್ತಾನೆ, ಕಬ್ಬು ಒಣಗಿದಷ್ಟೂ ರೈತನಿಗೆ ತೂಕ ಹೋಗುತ್ತದೆ. ಅಣ್ಣ ಆ ರಾತ್ರಿ ಕಾರ್ಬನ್ ಇಟ್ಟು ಕೈಯಲ್ಲೇ ಚೀಟಿ ಬರೆದ. ನಾನು ಡಬ್ಬಿಯನ್ನು ಆಫ್ ಮಾಡುವ ಮೊದಲು ಕಂಟ್ರೋಲ್ ಪ್ಯಾನೆಲ್ ತೆಗೆದು, ಸಿಸ್ಟಮ್ ಒಳಗೆ ಮೆಮೊರಿ ಟ್ಯಾಬ್ ನೋಡಿದೆ. 31 ಎಂಬಿ ಖಾಲಿ ಇದೆ ಅಂತ ತೋರಿಸುತ್ತಿತ್ತು.

ಮೆಮೊರಿ ಇಲ್ಲ ಅನ್ನುತ್ತಿರುವ ಡಬ್ಬಿಯಲ್ಲಿ ಅರ್ಧ ರ್ಯಾಮ್ ಖಾಲಿ ಬಿದ್ದಿದೆ!

ಬೆಳಿಗ್ಗೆ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದೆ. ಅದೇ ಮೆಮೊರಿ ಟ್ಯಾಬ್‌ನಲ್ಲಿ ಒಂದು ಸ್ಲೈಡರ್ ಇದೆ, ರ್ಯಾಮ್‌ನಲ್ಲಿ ಫೈಲ್‌ಗಳಿಗೆ ಎಷ್ಟು, ಪ್ರೋಗ್ರಾಂಗಳಿಗೆ ಎಷ್ಟು ಅಂತ ಪಾಲು ಮಾಡುವುದು. ಅದನ್ನು ಪ್ರೋಗ್ರಾಂ ಕಡೆಗೆ ಸರಿಸಿ ಅಂದರು. ಸರಿಸಿದೆ. ಮೂರು ದಿನಕ್ಕೆ ಮತ್ತೆ ನಿಂತಿತು. ಎರಡನೇ ಸಲ ಫೋನ್ ಮಾಡಿದಾಗ, "ರ್ಯಾಮ್ ಸಾಲ್ತಿಲ್ಲ ಸರ್, 128 ಎಂಬಿ ಇರೋ ಡಬ್ಬಿ ತಗೊಳ್ಳಿ" ಅಂದರು. 31 ಎಂಬಿ ಖಾಲಿ ಇದೆಯಲ್ಲ ಅಂತ ಕೇಳಿದರೆ ಉತ್ತರ ಇಲ್ಲ. ಅಣ್ಣ ಅವರ ಮಾತು ನಂಬಿ ದೊಡ್ಡ ರ್ಯಾಮ್‌ನ ಡಬ್ಬಿ ತರಲು ಹೊರಟೇಬಿಟ್ಟಿದ್ದ. ತಂದಿದ್ದರೆ ದುಡ್ಡು ನೀರುಪಾಲು, ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರ್ಯಾಮ್ ಬೇರೆ, ವಿಳಾಸ ಬೇರೆ. ಪ್ರೋಗ್ರಾಂ ನೋಡುವುದು ನಿಜವಾದ ರ್ಯಾಮ್ ಅನ್ನಲ್ಲ, ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ತೋರಿಸುವ ವರ್ಚುವಲ್ (ಕಾಲ್ಪನಿಕ) ವಿಳಾಸಗಳನ್ನು. 32 ಬಿಟ್ ಯಂತ್ರದಲ್ಲಿ ಒಟ್ಟು 4 ಜಿಬಿ ವಿಳಾಸ. ಸಿಇ 5.0ರಲ್ಲಿ ಮೇಲಿನ 2 ಜಿಬಿ ಕರ್ನಲ್‌ಗೆ, ಕೆಳಗಿನ 2 ಜಿಬಿ ಎಲ್ಲಾ ಪ್ರೋಗ್ರಾಂಗಳಿಗೂ ಸೇರಿ. ಸೇರಿ ಅನ್ನುವುದನ್ನು ಗಮನಿಸಿ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಪ್ರತಿ ಪ್ರೋಗ್ರಾಂಗೂ ತನ್ನದೇ ಆದ ಇಡೀ ವಿಳಾಸ ಜಾಗ ಸಿಗುತ್ತದೆ. ಇಲ್ಲಿ ಹಾಗಲ್ಲ. ಆ 2 ಜಿಬಿಯನ್ನು 32 ಎಂಬಿಯ 64 ತುಂಡುಗಳಾಗಿ ಕತ್ತರಿಸಿದ್ದಾರೆ, ತುಂಡಿಗೆ ಸ್ಲಾಟ್ ಅಂತ ಹೆಸರು. ಒಂದು ಪ್ರೋಗ್ರಾಂಗೆ ಒಂದು ಸ್ಲಾಟ್. ಒಟ್ಟಿಗೆ 32 ಪ್ರೋಗ್ರಾಂ ಮಾತ್ರ ಓಡಬಹುದು, ಅದರಲ್ಲಿ ಫೈಲ್ ಸಿಸ್ಟಮ್, ಡ್ರೈವರ್ ನಡೆಸುವ ಡಿವೈಸ್, ಸ್ಕ್ರೀನ್ ನೋಡಿಕೊಳ್ಳುವ ಜಿವೆಸ್ ಅಂತ ಕೆಲವು ಸಿಸ್ಟಮ್‌ಗೇ ಹೋಗುತ್ತವೆ. ಯಾವ ಪ್ರೋಗ್ರಾಂನ ಸರದಿ ಬರುತ್ತದೋ ಅದರ ಸ್ಲಾಟ್ ಎಲ್ಲಕ್ಕಿಂತ ಕೆಳಗಿನ ಸೊನ್ನೆ ನಂಬರ್ ಸ್ಲಾಟ್‌ನಲ್ಲೂ ಕಾಣಿಸುತ್ತದೆ. ಒಂದನೇ ಸ್ಲಾಟ್ ರೋಮ್‌ನಲ್ಲೇ ಓಡುವ ಡಿಎಲ್‌ಎಲ್‌ಗಳಿಗೆ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್‌ಗಳಿಗೆ. 33ನೇ ಸ್ಲಾಟ್‌ನಿಂದ ಮೇಲೆ, ಅಂದರೆ ಹೆಕ್ಸ್‌ನಲ್ಲಿ 42000000ದಿಂದ, ಎಲ್ಲರೂ ಬಳಸುವ ದೊಡ್ಡ ಬಯಲು.

ಡಬ್ಬಿಯಲ್ಲಿ ರ್ಯಾಮ್ 64 ಇರಲಿ, 128 ಇರಲಿ, 256 ಇರಲಿ, ಪ್ರೋಗ್ರಾಂನ ಸ್ವಂತ ಸ್ಲಾಟ್ ಮಾತ್ರ 32 ಎಂಬಿಯೇ. ಇದನ್ನು ಅಣ್ಣನಿಗೆ ಹೇಳಿದಾಗ ಅವನು ಕೇಳಿದ ಪ್ರಶ್ನೆ ನ್ಯಾಯವಾದದ್ದು: "ಹಂಗ್ಯಾಕ ಮಾಡ್ಯಾರ?" ಮೊದಲ ಸಿಇ ಬಂದದ್ದು 1996ರಲ್ಲಿ. ಆಗಿನ ಕೈಯಲ್ಲಿ ಹಿಡಿಯುವ ಸಾಧನಗಳಲ್ಲಿ ಇದ್ದ ರ್ಯಾಮ್ 2 ರಿಂದ 4 ಎಂಬಿ. ಅಷ್ಟು ರ್ಯಾಮ್ ಇರುವಲ್ಲಿ ಒಂದು ಪ್ರೋಗ್ರಾಂಗೆ 32 ಎಂಬಿ ವಿಳಾಸ ಅಂದರೆ ದೊಡ್ಡ ತೋಟವೇ. ಎಲ್ಲರೂ ಒಂದೇ ವಿಳಾಸ ಜಾಗದಲ್ಲಿ ಇದ್ದರೆ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಬದಲಾಗುವುದು ಅಗ್ಗ, ಡ್ರೈವರ್‌ಗಳು ಪ್ರೋಗ್ರಾಂನ ಡೇಟಾ ಮುಟ್ಟುವುದೂ ಸುಲಭ. ಹಳೆಯ ಎಆರ್‌ಎಂ ಚಿಪ್‌ಗಳಲ್ಲಿ ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಇಟ್ಟುಕೊಳ್ಳುವ ಚಿಪ್ಪಿನೊಳಗಿನ ವೇಗದ ಮೆಮೊರಿ) ವರ್ಚುವಲ್ ವಿಳಾಸದ ಮೇಲೆಯೇ ನಡೆಯುತ್ತಿತ್ತು, ಪ್ರತಿ ಪ್ರೋಗ್ರಾಂಗೂ ಬೇರೆ ನಕ್ಷೆ ಕೊಟ್ಟರೆ ಪ್ರತಿ ಸಲ ಬದಲಾಗುವಾಗ ಕ್ಯಾಶ್ ತೊಳೆಯಬೇಕು. ನಿಧಾನದ ಚಿಪ್‌ಗೆ ಅದು ಭಾರ. ಹಾಗಾಗಿ ಈ ವಿನ್ಯಾಸವನ್ನು ನಾನು ತಪ್ಪು ಅನ್ನುವುದಿಲ್ಲ, ಅದರ ಕಾಲಕ್ಕೆ ತುಂಬಾ ಜಾಣ ಕೆಲಸ. ತೊಂದರೆ ಬಂದದ್ದು ಪ್ರೋಗ್ರಾಂಗಳು ದಪ್ಪ ಆದ ಮೇಲೆ.

ಆ 32 ಎಂಬಿಯೂ ಪೂರ್ತಿ ಕೈಗೆ ಸಿಗುವುದಿಲ್ಲ. ತಳದ 64 ಕೆಬಿ ಯಾರೂ ಮುಟ್ಟುವಂತಿಲ್ಲ, ಅದು ಸೊನ್ನೆ ಪಾಯಿಂಟರ್, ಅಂದರೆ ತಪ್ಪಾಗಿ ಸೊನ್ನೆ ವಿಳಾಸ ತೋರಿಸುವ ಗುರುತು, ಹಿಡಿಯುವ ಬೇಲಿ. ಅದರ ಮೇಲೆ ಪ್ರೋಗ್ರಾಂನ ಕೋಡ್, ಡೇಟಾ, ಹೀಪ್ (ಓಡುತ್ತಾ ಬೇಕಾದಾಗ ಕೇಳಿ ಪಡೆಯುವ ಜಾಗ), ಒಳಗೆ ಒಟ್ಟಿಗೆ ನಡೆಯುವ ಪ್ರತಿ ಕೆಲಸಕ್ಕೂ, ಅಂದರೆ ಥ್ರೆಡ್‌ಗೂ, ಸ್ಟ್ಯಾಕ್ ಅನ್ನುವ ಒಂದು ತಾತ್ಕಾಲಿಕ ಜಾಗ. ಡಿಎಲ್‌ಎಲ್‌ಗಳು ಸ್ಲಾಟ್‌ನ ತುದಿಯಿಂದ ಕೆಳಗೆ ಇಳಿಯುತ್ತಾ ಬರುತ್ತವೆ. ಇನ್ನೊಂದು ಪೇಚು ಇದೆ. ಒಂದು ಡಿಎಲ್‌ಎಲ್ ಒಂದು ಪ್ರೋಗ್ರಾಂನಲ್ಲಿ ಯಾವ ವಿಳಾಸದಲ್ಲಿ ಕೂತಿತೋ, ಉಳಿದ ಎಲ್ಲಾ ಪ್ರೋಗ್ರಾಂಗಳಲ್ಲೂ ಆ ವಿಳಾಸ ಅದಕ್ಕೇ ಮೀಸಲು. ಪಕ್ಕದ ಮನೆಯವರು ಅಟ್ಟ ಕಟ್ಟಿದರೆ ನಮ್ಮ ಮನೆಯಲ್ಲೂ ಅಷ್ಟು ಎತ್ತರ ಬಿಟ್ಟುಕೊಡಬೇಕು ಅಂದ ಹಾಗೆ. ನಮ್ಮ ಡಬ್ಬಿಯಲ್ಲಿ ಡೇಟಾಬೇಸ್, ಪ್ರಿಂಟ್, ಫಾಂಟ್ ಅಂತ ಕಾರ್ಡ್‌ನಿಂದ ಲೋಡ್ ಆಗುವ ಡಿಎಲ್‌ಎಲ್‌ಗಳೇ ಒಂಬತ್ತು ಎಂಬಿ ತಿಂದಿದ್ದವು. ಪ್ರೋಗ್ರಾಂ ತನ್ನದು ಐದು. ಉಳಿದದ್ದು 18 ಎಂಬಿ ಆಸುಪಾಸು.

ಸರಿ, 18 ಎಂಬಿ ಆದರೂ ಚೀಟಿ ಹೊಡೆಯಲು ಸಾಲದೇ? ನನಗೂ ಅದೇ ಅನುಮಾನ. ಮುಂದಿನ ಶನಿವಾರ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡು ಬಂದೆ. ಸಿಇಯಲ್ಲೇ ಇರುವ ಟೂಲ್‌ಹೆಲ್ಪ್ ಅನ್ನುವ ಕರೆಗಳನ್ನು ಕೇಳಿದರೆ ತೂಕದ ಪ್ರೋಗ್ರಾಂ ಯಾವ ಸ್ಲಾಟ್‌ನಲ್ಲಿದೆ ಅಂತ ಹೇಳುತ್ತದೆ. ಆ ಸ್ಲಾಟ್‌ನ ತಳದಿಂದ 64 ಕೆಬಿ 64 ಕೆಬಿ ಹೆಜ್ಜೆ ಇಡುತ್ತಾ, ಆ ವಿಳಾಸದ ಸ್ಥಿತಿ ಹೇಳುವ ವರ್ಚುವಲ್‌ಕ್ವೆರಿ ಕರೆಯುವುದು, ಖಾಲಿ ಇದ್ದರೆ ಚುಕ್ಕಿ, ಬರೀ ಹಿಡಿದಿಟ್ಟಿದ್ದರೆ ಅಡ್ಡಗೆರೆ, ನಿಜವಾಗಿ ರ್ಯಾಮ್ ಹಾಕಿದ್ದರೆ ತುಂಬಿದ ಚೌಕ. 32 ಎಂಬಿಯನ್ನು 64 ಕೆಬಿಯಿಂದ ಭಾಗಿಸಿದರೆ 512. ಸ್ಕ್ರೀನ್ ಮೇಲೆ ಹದಿನಾರು ಸಾಲು, ಸಾಲಿಗೆ 32 ಮನೆ, ಚೌಕಾಬಾರದ ಮನೆಗಳ ಹಾಗೆ ಕಾಣುತ್ತಿತ್ತು. ಮೇಲಿನ ಸಾಲುಗಳಲ್ಲಿ ಚೌಕ, ಕೆಳಗಿನ ಸಾಲುಗಳಲ್ಲಿ ಡಿಎಲ್‌ಎಲ್‌ಗಳ ಚೌಕ, ನಡುವೆ ಚುಕ್ಕಿಗಳ ಹೊಲ. ಅಣ್ಣ ಒಂದು ಟೆಂಪೋ ತೂಗಿ ಚೀಟಿ ಹೊಡೆದ. ಒಂದು ಚುಕ್ಕಿ ಚೌಕವಾಯಿತು, ಪ್ರಿಂಟರ್ ಕಿರ್ ಅಂದಿತು, ಚೌಕ ಹೋಗಿ ಅಡ್ಡಗೆರೆ ಆಯಿತು. ಮತ್ತೆ ಚುಕ್ಕಿ ಆಗಲೇ ಇಲ್ಲ. ಇನ್ನೊಂದು ಚೀಟಿ, ಪಕ್ಕದ ಮನೆಯಲ್ಲಿ ಇನ್ನೊಂದು ಅಡ್ಡಗೆರೆ. ಇಬ್ಬರೂ ಉಸಿರು ಬಿಡದೆ ನೋಡಿದೆವು. ಹತ್ತು ಚೀಟಿ, ಹತ್ತು ಅಡ್ಡಗೆರೆ. ರ್ಯಾಮ್ ಲೆಕ್ಕ ಮಾತ್ರ ಕದಲಲಿಲ್ಲ.

ಆಗುತ್ತಿದ್ದದ್ದು ಏನು ಅಂದರೆ, ಚೀಟಿ ಬರೆಯಲು ಪ್ರೋಗ್ರಾಂ ಪ್ರತಿ ಸಲ ಮೆಮೊರಿ ಕೇಳುವ ವರ್ಚುವಲ್‌ಅಲಾಕ್ ಅನ್ನು ಕರೆದು 4 ಕೆಬಿ ಕೇಳುತ್ತಿತ್ತು. ಇದರಲ್ಲಿ ಎರಡು ಹಂತ ಇದೆ, ರಿಸರ್ವ್ ಮತ್ತು ಕಮಿಟ್. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯುತ್ತೇವಲ್ಲ, ಅದು ರಿಸರ್ವ್. ಒಳಗೆ ಬಂದು ಕೂತರೆ ಕಮಿಟ್. ಕೂರುವ ಲೆಕ್ಕ ಪೇಜ್‌ನಲ್ಲಿ, ಒಂದು ಪೇಜ್ 4 ಕೆಬಿ. ಟವೆಲ್ ಹಾಕುವ ಲೆಕ್ಕ ಮಾತ್ರ 64 ಕೆಬಿ ಗಡಿಯಲ್ಲಿ. ಅಂದರೆ ಒಬ್ಬ ಕೂರುವುದಕ್ಕೆ ಹದಿನಾರು ಜನರ ಜಾಗಕ್ಕೆ ಟವೆಲ್. ಕೆಲಸ ಮುಗಿದ ಮೇಲೆ ಪ್ರೋಗ್ರಾಂ ಮೆಮೊರಿ ವಾಪಸ್ ಕೊಡುವ ವರ್ಚುವಲ್‌ಫ್ರೀ ಕರೆಯುತ್ತಿತ್ತು ನಿಜ, ಆದರೆ ಡಿಕಮಿಟ್ ಅಂತ ಹೇಳಿ. ಡಿಕಮಿಟ್ ಅಂದರೆ ಎದ್ದು ಹೋದ ಹಾಗೆ. ರ್ಯಾಮ್ ಪೇಜ್ ವಾಪಸ್ ಕೊಟ್ಟಾಯಿತು, ಟವೆಲ್ ಮಾತ್ರ ಅಲ್ಲೇ ಉಳಿಯಿತು. ಟವೆಲ್ ಎತ್ತಲು ರಿಲೀಸ್ ಅಂತ ಹೇಳಬೇಕು. ಹೇಳದ್ದರಿಂದ ಪ್ರತಿ ಚೀಟಿಗೂ ಒಂದು ಟವೆಲ್ ಉಳಿಯುತ್ತಾ ಹೋಯಿತು. 18 ಎಂಬಿಯಲ್ಲಿ 64 ಕೆಬಿಯ ಜಾಗ 288. ದಿನಕ್ಕೆ 95 ಗಾಡಿ ಅಂದರೆ ಮೂರು ದಿನ. ಬಸ್ ಪೂರ್ತಿ ಖಾಲಿ, ಕೂರಲು ಒಂದು ಸೀಟೂ ಇಲ್ಲ. ಇಡೀ ಬಸ್ಸಿನಲ್ಲಿ ಬರೀ ಟವೆಲ್!

ಪ್ರೋಗ್ರಾಂ ಮುಚ್ಚಿದರೆ ಕರ್ನಲ್ ಅದರ ಸ್ಲಾಟ್ ಪೂರ್ತಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಡಬ್ಬಿಯನ್ನೇ ಆಫ್ ಮಾಡಬೇಕಿಲ್ಲ, 200 ಚೀಟಿಗೊಮ್ಮೆ ಪ್ರೋಗ್ರಾಂ ಮುಚ್ಚಿ ತೆರೆದರೆ ಸಾಕು. ಅಣ್ಣ ಅದನ್ನು ಕ್ಯಾಲೆಂಡರ್ ಪಕ್ಕ ದೊಡ್ಡದಾಗಿ ಬರೆದು ಅಂಟಿಸಿದ. ಬೆಳಿಗ್ಗೆ ಆರಕ್ಕೆ ಗಾಡಿ ಕಡಿಮೆ ಇರುವಾಗ ಒಂದು ಸಲ, ಎರಡು ದಿನಕ್ಕೊಮ್ಮೆ. ಆ ಹಂಗಾಮು ಹೀಗೇ ಮುಗಿಸಿದೆವು. ನಿಮ್ಮ ಹತ್ತಿರ ಇಂಥ ಹಳೆ ಡಬ್ಬಿ ಇದ್ದು, ರ್ಯಾಮ್ ಇದ್ದರೂ ಮೆಮೊರಿ ಇಲ್ಲ ಅನ್ನುತ್ತಿದ್ದರೆ, ಮೊದಲು ಎಷ್ಟು ಚೀಟಿಗೆ ನಿಲ್ಲುತ್ತದೆ ಅಂತ ಎಣಿಸಿ. ಗಂಟೆ ಲೆಕ್ಕ ಬೇಡ, ಚೀಟಿ ಲೆಕ್ಕ. ಪ್ರತಿ ಸಲವೂ ಹತ್ತಿರ ಹತ್ತಿರ ಅದೇ ಸಂಖ್ಯೆ ಬಂದರೆ ವಿಳಾಸ ಸೋರುತ್ತಿದೆ ಅನ್ನುವ ಅನುಮಾನ ಇಟ್ಟುಕೊಳ್ಳಬಹುದು.

ಇನ್ನು ಹೊಸ ಡಬ್ಬಿ. ಎರಡನೇ ಹಂಗಾಮಿಗೆ ಮೊದಲು ಅದೇ ಬೆಳಗಾವಿ ಅಂಗಡಿಗೆ ಹೋಗಿ, ಈ ಸಲ ರ್ಯಾಮ್ ಕೇಳದೆ ಸಿಇ 6.0 ಇರುವ ಡಬ್ಬಿ ಬೇಕು ಅಂದೆ. ಅಂಗಡಿಯ ಮಾಲೀಕರು ಹಿರಿಯರು, ಕನ್ನಡ, ಮರಾಠಿ ಎರಡೂ ಸಲೀಸು. ಕಪಾಟಿನಿಂದ ನಾಲ್ಕು ಡಬ್ಬಿ ಇಳಿಸಿ, ಒಂದೊಂದನ್ನೇ ಆನ್ ಮಾಡಿ ಆವೃತ್ತಿ ತೋರಿಸಿದರು. ಮೂರು 5.0, ಒಂದು 6.0. ಹೊರಗಿನ ಚೀಟಿಯಲ್ಲಿ ನಾಲ್ಕರ ಮೇಲೂ ಬರೀ ವಿಂಡೋಸ್ ಸಿಇ ಅಂತಷ್ಟೇ ಇತ್ತು. ನಮ್ಮ ಪ್ರೋಗ್ರಾಂ ಇದರಲ್ಲಿ ಓಡುತ್ತದೋ ಇಲ್ಲವೋ ಅಂತ ಹೆದರಿಕೆ ಇತ್ತು. ಕಾರ್ಡ್ ತಂದಿದ್ದೆ, ಅಲ್ಲೇ ಮೇಜಿನ ಮೇಲೆ ಹಾಕಿ ನೋಡಲು ಬಿಟ್ಟರು, ಒಂದೂವರೆ ತಾಸು ಕೂತೆ, ಎರಡು ಸಲ ಚಹಾ ತರಿಸಿದರು. ಓಡಿತು. ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟೆ, ಹದಿನೈದು ದಿನದಲ್ಲಿ ಬೇಡ ಅನ್ನಿಸಿದರೆ ವಾಪಸ್ ತಗೊಳ್ಳುತ್ತೇನೆ ಅಂತ ಬಿಲ್ ಮೇಲೆ ಕೈಯಲ್ಲೇ ಬರೆದುಕೊಟ್ಟರು. ಸೆಕೆಂಡ್ ಹ್ಯಾಂಡ್ ಸಾಮಾನಿಗೆ ಹೀಗೆ ಬರೆದುಕೊಡುವವರು ಕಡಿಮೆ. ಅಂಗಡಿಗೆ ಐದಕ್ಕೆ ಐದು.

ಸಿಇ 6.0 ಬಂದದ್ದು 2006ರ ನವೆಂಬರ್‌ನಲ್ಲಿ. ಕರ್ನಲ್‌ನ ಮೆಮೊರಿ ಭಾಗವನ್ನು ಬುಡದಿಂದ ಬದಲಿಸಿದ್ದಾರೆ. ಸ್ಲಾಟ್ ಇಲ್ಲ. ಪ್ರತಿ ಪ್ರೋಗ್ರಾಂಗೂ ತನ್ನದೇ 2 ಜಿಬಿಯ ನಕ್ಷೆ, ಪ್ರೋಗ್ರಾಂಗಳ ಮಿತಿ 32ರಿಂದ 32 ಸಾವಿರಕ್ಕೆ ಏರಿದೆ. ಆ 2 ಜಿಬಿಯಲ್ಲಿ ಕೆಳಗಿನ 1 ಜಿಬಿ ಪ್ರೋಗ್ರಾಂನ ಸ್ವಂತಕ್ಕೆ, ಅದರ ಮೇಲಿನ 512 ಎಂಬಿ ಎಲ್ಲರೂ ಹಂಚಿಕೊಳ್ಳುವ ಡಿಎಲ್‌ಎಲ್‌ಗಳಿಗೆ, ನಂತರ 256 ಎಂಬಿ ಮ್ಯಾಪ್ ಮಾಡಿದ ಫೈಲ್‌ಗಳಿಗೆ, ತುದಿಯ 256 ಎಂಬಿ ಸಿಸ್ಟಮ್ ಹಂಚಿಕೊಳ್ಳುವ ಹೀಪ್‌ಗೆ, ಅದನ್ನು ನಮ್ಮ ಪ್ರೋಗ್ರಾಂಗಳು ಓದಬಹುದು, ಬರೆಯುವಂತಿಲ್ಲ. ಡಿಎಲ್‌ಎಲ್‌ಗಳಿಗೆ ಬೇರೆಯೇ ಜಾಗ ಆದ್ದರಿಂದ ಪಕ್ಕದ ಮನೆಯ ಅಟ್ಟದ ಕಾಟ ಮುಗಿಯಿತು. ಅದೇ ಚೌಕಾಬಾರದ ಪ್ರೋಗ್ರಾಂ ಇಲ್ಲಿಗೆ ತಕ್ಕಂತೆ ತಿದ್ದಿ ಓಡಿಸಿದೆ. 1 ಜಿಬಿಯಲ್ಲಿ 64 ಕೆಬಿಯ ಮನೆಗಳು 16,384. ಸ್ಕ್ರೀನ್ ಮೇಲೆ ಹಿಡಿಸಲಾಗದೆ ಬರೀ ಲೆಕ್ಕ ತೋರಿಸುವಂತೆ ಮಾಡಿದೆ. ತೂಕದ ಪ್ರೋಗ್ರಾಂನ ತಪ್ಪು ಹಾಗೇ ಇದೆ, ಚೀಟಿಗೊಂದು ಟವೆಲ್ ಉಳಿಯುತ್ತಲೇ ಇದೆ. ಆದರೆ ದಿನಕ್ಕೆ 95 ಅಂದರೂ 170 ದಿನ ತಡೆಯುತ್ತದೆ. ನಮ್ಮ ಹಂಗಾಮು ಅದಕ್ಕಿಂತ ಮೊದಲೇ ಮುಗಿಯುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಚೀಟಿ ಹೊಡೆಯುವಾಗ ಒಂದೇ ಒಂದು ಸಲವೂ ನಿಲ್ಲಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಗೋಡೆಯ ಕೆಂಪು ಅಂಕಿಯ ಬೋರ್ಡ್‌ಗೆ ನಾವು ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಒಂದು ಅಡಾಪ್ಟರ್ ಬಳಸುತ್ತಿದ್ದೆವು, ಅದರ ಡ್ರೈವರ್ 5.0ಗೆ ಬರೆದದ್ದು. 6.0ರಲ್ಲಿ ಲೋಡ್ ಆಗಲಿಲ್ಲ. ಕಾರಣ ಇದೇ ಮೆಮೊರಿ ಬದಲಾವಣೆ. 5.0ರಲ್ಲಿ ಡ್ರೈವರ್‌ಗಳು ಡಿವೈಸ್ ಅನ್ನುವ ಬೇರೆ ಪ್ರೋಗ್ರಾಂನಲ್ಲಿ ಓಡುತ್ತಿದ್ದವು, ಎಲ್ಲರದ್ದೂ ಒಂದೇ ವಿಳಾಸ ಜಾಗ ಆದ್ದರಿಂದ ನಮ್ಮ ಪಾಯಿಂಟರ್‌ಗೆ ಸ್ಲಾಟ್ ನಂಬರ್ ಸೇರಿಸಿ ನೇರ ಮುಟ್ಟುತ್ತಿದ್ದವು. 6.0ರಲ್ಲಿ ಡಿವೈಸ್, ಫೈಲ್ ಸಿಸ್ಟಮ್, ಜಿವೆಸ್ ಮೂರೂ ಕರ್ನಲ್ ಒಳಗೇ ಹೋಗಿವೆ, ಪ್ರತಿ ಪ್ರೋಗ್ರಾಂಗೂ ನಕ್ಷೆ ಬೇರೆ, ಹಳೆಯ ಪಾಯಿಂಟರ್ ತಂತ್ರ ನಡೆಯುವುದಿಲ್ಲ. ಕರೆದವರ ಬಫರ್ ತೆರೆಯಲು ಹೊಸ ಕರೆಗಳಿವೆ, ಡ್ರೈವರ್ ಅದಕ್ಕೆ ತಕ್ಕಂತೆ ಮತ್ತೆ ಬರೆಯಬೇಕು. ಹತ್ತು ವರ್ಷ ಹಳೆಯ ಅಡಾಪ್ಟರ್‌ಗೆ ಯಾರು ಬರೆಯುತ್ತಾರೆ? ಹೊಸ ಡಬ್ಬಿಯಲ್ಲಿ ಮೂರು ಸೀರಿಯಲ್ ಪೋರ್ಟ್ ಇದ್ದದ್ದರಿಂದ ಬಚಾವಾದೆವು, ಬೋರ್ಡನ್ನು ಮೂರನೆಯದಕ್ಕೆ ಹಾಕಿದೆವು. ನೀವು 5.0ರಿಂದ 6.0ಕ್ಕೆ ಹೋಗುವುದಾದರೆ ನಿಮ್ಮ ಹತ್ತಿರ ಇರುವ ಒಂದೊಂದು ಅಡಾಪ್ಟರ್, ಕಾರ್ಡ್ ರೀಡರ್, ಪ್ರಿಂಟರ್ ಎಲ್ಲವನ್ನೂ ಅಂಗಡಿಗೇ ಒಯ್ದು ಹಚ್ಚಿ ನೋಡಿ. ಪ್ರೋಗ್ರಾಂ ಓಡಿತು ಅಂದ ಮಾತ್ರಕ್ಕೆ ಡ್ರೈವರ್ ಓಡುತ್ತದೆ ಅಂತಿಲ್ಲ.

ಎರಡೂ ಆವೃತ್ತಿಗೆ ಕಂಪನಿಯ ಬೆಂಬಲ ಮುಗಿದಿದೆ, 5.0ದು 2014ರಲ್ಲಿ, 6.0ದು 2018ರಲ್ಲಿ. ಇಂಟರ್‌ನೆಟ್‌ಗೆ ಹಚ್ಚಬೇಡಿ. ನಮ್ಮದು ಯಾವ ನೆಟ್‌ವರ್ಕ್‌ಗೂ ಸೇರಿಲ್ಲ, ಲೆಕ್ಕ ದಿನಕ್ಕೊಮ್ಮೆ ಕಾರ್ಡ್‌ನಲ್ಲೇ ತೆಗೆದುಕೊಳ್ಳುತ್ತೇವೆ. ಆನ್‌ಲೈನ್ ಲೆಕ್ಕ ಬೇಕು ಅನ್ನುವವರು ಹೊಸ ಲಿನಕ್ಸ್ ಡಬ್ಬಿಗೆ ಹೋಗುವುದೇ ಸರಿ. 32 ಬಿಟ್ ಎಆರ್‌ಎಂ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 3 ಜಿಬಿ ಪ್ರೋಗ್ರಾಂಗೆ, 1 ಜಿಬಿ ಕರ್ನಲ್‌ಗೆ, ಮತ್ತು ಅದು ಪ್ರತಿ ಪ್ರೋಗ್ರಾಂಗೂ ಬೇರೆ ಬೇರೆ. ಆದರೆ ತೂಕದ ಸಾಫ್ಟ್‌ವೇರ್ ಹೊಸದಾಗಿ ಕೊಳ್ಳಬೇಕು, ಆ ಖರ್ಚು ನೋಡಿಕೊಳ್ಳಿ.

ಹಳೆ ಡಬ್ಬಿಗೆ ಐದಕ್ಕೆ ಮೂರು ಕೊಡುತ್ತೇನೆ. ಕಬ್ಬಿಣದ ಹಾಗೆ ಗಟ್ಟಿ, ಸಣ್ಣ ಕೆಲಸಕ್ಕೆ ಈಗಲೂ ಸಾಕು. ಹೊಸದಕ್ಕೆ ನಾಲ್ಕೂವರೆ, ಅಡಾಪ್ಟರ್ ಕಾರಣಕ್ಕೆ ಅರ್ಧ ಕಡಿತ. ತೂಕದ ಸಾಫ್ಟ್‌ವೇರ್‌ಗೆ ಮೊದಲು ಒಂದೇ ಕೊಡಬೇಕು ಅಂದುಕೊಂಡಿದ್ದೆ. 31 ಎಂಬಿ ಖಾಲಿ ಇದೆ ಅಂತ ಹೇಳಿದರೂ ರ್ಯಾಮ್ ಕೊಳ್ಳಿ ಅಂದದ್ದು ನನಗೆ ಈಗಲೂ ಬೇಸರ. ಸಿಇ 5.0 ಒಟ್ಟು 512 ಎಂಬಿಗಿಂತ ಜಾಸ್ತಿ ರ್ಯಾಮ್ ಬಳಸುವುದೇ ಇಲ್ಲ, ಬಳಸಿದ್ದರೂ ಸ್ಲಾಟ್ ಬೆಳೆಯುತ್ತಿರಲಿಲ್ಲ. ಗಿರಾಕಿ ಹೊಲ ಮನೆ ನಡೆಸುವವನು, ಅವನಿಗೆ ಇದು ಗೊತ್ತಿರಬೇಕಿಲ್ಲ, ಸಾಫ್ಟ್‌ವೇರ್ ಬರೆದವರಿಗೆ ಗೊತ್ತಿರಬೇಕು.

ಮೂರನೇ ಸಲ ಅವರಿಗೆ ಮೇಲ್ ಮಾಡುವಾಗ ಚೌಕಾಬಾರದ ಎರಡು ಫೋಟೋ ಹಾಕಿದೆ, ಒಂದು ಆನ್ ಮಾಡಿದ ಕೂಡಲೇ ತೆಗೆದದ್ದು, ಇನ್ನೊಂದು 50 ಚೀಟಿ ಆದ ಮೇಲೆ. ಎರಡು ದಿನಕ್ಕೆ ಅಲ್ಲಿನ ಒಬ್ಬ ಹುಡುಗ ತಾನಾಗಿಯೇ ಫೋನ್ ಮಾಡಿದ. ಈಗಷ್ಟೇ ಸೇರಿದವನಂತೆ, ಕೋಡ್ ತೆಗೆದು ನೋಡಿದ್ದ. ಡಿಕಮಿಟ್ ತೆಗೆದು ರಿಲೀಸ್ ಹಾಕಿ ಹೊಸ ಫೈಲ್ ಕಳಿಸಿದ. ಹಾಕಿ ನೋಡಿದರೆ ಇನ್ನೂ ಕೆಟ್ಟಿತು. ಈಗ ಅಡ್ಡಗೆರೆ ಬದಲು ಚೌಕವೇ ಉಳಿಯುತ್ತಿದೆ, ಅಂದರೆ ಟವೆಲ್ ಜೊತೆ ಮನುಷ್ಯನೂ ಏಳುತ್ತಿಲ್ಲ. ನನಗೆ ತಕ್ಷಣ ಹೊಳೆಯಿತು, ನಾನೂ ಕೆಲಸಕ್ಕೆ ಸೇರಿದ ವರ್ಷ ಇದೇ ತಪ್ಪನ್ನು ನಾಲ್ಕು ದಿನ ಹುಡುಕಿದ್ದೆ. ರಿಲೀಸ್ ಹೇಳುವಾಗ ಅಳತೆ ಸೊನ್ನೆ ಕೊಡಬೇಕು, ಮೊದಲು ಹಿಡಿದ ವಿಳಾಸವನ್ನೇ ಕೊಡಬೇಕು. ಅವನು ಹಳೆಯ 4096 ಹಾಗೇ ಬಿಟ್ಟಿದ್ದ. ಆಗ ವರ್ಚುವಲ್‌ಫ್ರೀ ಸೋಲುತ್ತದೆ, ಏನನ್ನೂ ಬಿಡುವುದಿಲ್ಲ, ವಾಪಸ್ ಬಂದ ಉತ್ತರವನ್ನು ಕೋಡ್ ನೋಡುತ್ತಲೇ ಇರಲಿಲ್ಲ. ಫೋನ್‌ನಲ್ಲೇ ಹೇಳಿದೆ. "ಹೌದು ಸರ್, ಹೌದು ಸರ್" ಅಂದವನು ಅರ್ಧ ಗಂಟೆಯಲ್ಲಿ ಮತ್ತೊಂದು ಫೈಲ್ ಕಳಿಸಿದ. ಆ ಹುಡುಗನ ಸಲುವಾಗಿ ಸಾಫ್ಟ್‌ವೇರ್‌ಗೆ ಮೂರು.

ಆ ಫೈಲನ್ನು ಮೊದಲು ಹಳೆ ಡಬ್ಬಿಗೇ ಹಾಕಿದೆ. ಈಗ ಅದು ಮಾವನ ಬೆಲ್ಲದ ಗೋದಾಮಿನಲ್ಲಿದೆ, ಚಿಕ್ಕ ಕಾಟಾದ ಮೇಲೆ, ದಿನಕ್ಕೆ ಮೂವತ್ತು ಚೀಟಿ. ಯುಗಾದಿಗೆ ಹೋದಾಗ ನನ್ನ ಪ್ರೋಗ್ರಾಂ ತೆರೆದು ನೋಡಿದೆ. ಆನ್ ಮಾಡಿ 24 ದಿನ ಆಗಿತ್ತು, 700 ಚೀಟಿ ದಾಟಿತ್ತು. ಚುಕ್ಕಿ ಎಣಿಸಿದೆ, 288. ಮಾವ ಪಕ್ಕದಲ್ಲಿ ನಿಂತು ಒಂದು ಪೆಂಟೆ ಬೆಲ್ಲ ತೂಗಿದರು, ಒಂದು ಚುಕ್ಕಿ ಚೌಕವಾಯಿತು, ಪ್ರಿಂಟರ್ ಕಿರ್ ಅಂದಿತು, ಮತ್ತೆ ಚುಕ್ಕಿಯಾಯಿತು.